ಹೊಟ್ಟೆನೋವೆಲ್ಲ ಹುಳುವಿನದಲ್ಲ



ನಮ್ಮ ಕುಲಗೋಡದ ಕಡೆ ಮಗುವಿಗೆ ಹೊಟ್ಟೆನೋವು ಬಂದರೆ ಹಿರಿಯರು ಆಡುವ ಮೊದಲ ಮಾತು, "ಹೊಟ್ಟ್ಯಾಗ ಹುಳಾ ಆಗ್ಯಾವ" ಎಂಬುದು. ಮಾತು ಸುಳ್ಳಲ್ಲ. ಬರಿಗಾಲಿನಲ್ಲಿ ಮಣ್ಣಿನಲ್ಲಿ ಆಡುವ ಮಕ್ಕಳಿಗೆ ಜಂತುಹುಳುವಿನ ಬಾಧೆ ಉಂಟು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಿರುವುದು ಸ್ತುತ್ಯ ಕಾರ್ಯ. ಆದರೆ ಮಾತ್ರೆಯ ನಂತರವೂ ತಿಂಗಳುಗಟ್ಟಲೆ ನೋವು, ವಾಂತಿ, ಭೇದಿ ನಿಲ್ಲದಿದ್ದರೆ, ತೂಕ ಏರದಿದ್ದರೆ, ಅದೇ ಮಾತ್ರೆಯನ್ನು ಮತ್ತೆ ಮತ್ತೆ ನುಂಗಿಸುವುದು ಚಿಕಿತ್ಸೆಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಮಕ್ಕಳಲ್ಲಿ ಕೆಲವರಿಗೆ ಇರಬಹುದಾದ ಅಪರೂಪದ ಕಾಯಿಲೆಯೊಂದಿದೆ: ಇಯೋಸಿನೋಫಿಲಿಕ್ ಗ್ಯಾಸ್ಟ್ರೋಎಂಟರೈಟಿಸ್. 1937ರಲ್ಲಿ ಕೈಸೆರ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಇಯೋಸಿನೋಫಿಲ್ ಒಂದು ಬಗೆಯ ಬಿಳಿ ರಕ್ತಕಣ. ದೇಹದಲ್ಲಿ ಹುಳುವಿದ್ದಾಗ ಹೆಚ್ಚುತ್ತದೆ, ಅಲರ್ಜಿಯಿದ್ದಾಗಲೂ ಹೆಚ್ಚುತ್ತದೆ. ಈ ಕಾಯಿಲೆಯಲ್ಲಿ ಅದು ಜಠರ ಹಾಗೂ ಸಣ್ಣ ಕರುಳಿನ ಗೋಡೆಯಲ್ಲಿ ಮಿತಿಮೀರಿ ಸೇರಿ ಉರಿಯೂತ ಉಂಟುಮಾಡುತ್ತದೆ. ಆದ್ದರಿಂದ "ಇಯೋಸಿನೋಫಿಲ್ ಹೆಚ್ಚಿದೆ, ಹುಳುವೇ ಸರಿ" ಎಂಬ ತರ್ಕ ಅರ್ಧಸತ್ಯ. ಕೆಲವು ಮಕ್ಕಳಲ್ಲಿ ಕಾಯಿಲೆಯಿದ್ದರೂ ರಕ್ತಪರೀಕ್ಷೆಯಲ್ಲಿ ಈ ಕಣಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ.

ಹಾಗಾದರೆ ನಿರ್ಣಯ ಹೇಗೆ? ಮೊದಲು ಮಲಪರೀಕ್ಷೆ ಮಾಡಿಸಿ ಹುಳುವಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು. ಅನಂತರ ಎಂಡೋಸ್ಕೋಪಿ ಮಾಡಿ, ಜಠರ ಹಾಗೂ ಕರುಳಿನ ಹಲವು ಕಡೆಗಳಿಂದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಅಲ್ಲಲ್ಲಿ ಹರಡಿರುವುದರಿಂದ ಒಂದೇ ಚೂರು ಸಾಲದು. ಈ ಕ್ರಮವನ್ನು ದಾಟಿ ಅವಸರದಿಂದ ಸ್ಟೆರಾಯ್ಡ್ ಕೊಟ್ಟರೆ ಅಪಾಯವುಂಟು. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಒಳಗಿದ್ದರೆ, ಸ್ಟೆರಾಯ್ಡಿನ ಪ್ರಭಾವದಲ್ಲಿ ಅದು ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು.

ಚಿಕಿತ್ಸೆಯಲ್ಲಿ ಆಹಾರದ ಪಾತ್ರ ದೊಡ್ಡದು. ಹಾಲು, ಮೊಟ್ಟೆ, ಗೋಧಿ, ಸೋಯಾ, ಶೇಂಗಾ ಮತ್ತಿತರ ಬೀಜಗಳು, ಮೀನು ಇವುಗಳನ್ನು ವೈದ್ಯರ ಸಲಹೆಯಂತೆ ಕೆಲಕಾಲ ಬಿಡಿಸಿ, ಅನಂತರ ಒಂದೊಂದಾಗಿ ಮರಳಿ ಕೊಟ್ಟು ಪರೀಕ್ಷಿಸುತ್ತಾರೆ. ಗೋಧಿ ಬಿಟ್ಟರೂ ನಮ್ಮ ಜೋಳದ ರೊಟ್ಟಿ ಇದೆ; ಅದರ ಜೊತೆಯ ಶೇಂಗಾ ಹಿಂಡಿಯನ್ನು ಮಾತ್ರ ದೂರವಿಡಬೇಕಾದೀತು. ಆಹಾರದಿಂದ ಗುಣ ಕಾಣದಿದ್ದರೆ ಪ್ರೆಡ್ನಿಸೋಲೋನ್‌ನಂಥ ಸ್ಟೆರಾಯ್ಡನ್ನು ಕೊಟ್ಟು ಕ್ರಮೇಣ ಇಳಿಸುತ್ತಾರೆ. ಕೆಲವರಿಗೆ ರೋಗ ಮರುಕಳಿಸುವುದುಂಟು, ಧೈರ್ಯಗೆಡಬಾರದು. ಆದರೆ ಮನೆಯವರೇ ತೀರ್ಮಾನಿಸಿ ಹಾಲು, ಮೊಟ್ಟೆ ನಿಲ್ಲಿಸಕೂಡದು. ಬೆಳೆಯುವ ಮಗು ಸೊರಗುತ್ತದೆ.

ಇಂದು ಶಿಕ್ಷಕರಾಗಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಬಹುಪಾಲು ಮಕ್ಕಳಿಗೆ ಅಮೃತ. ಆದರೆ ವೈದ್ಯರು ಬೇಡವೆಂದು ಬರೆದುಕೊಟ್ಟ ಮಗುವಿಗೆ ಒತ್ತಾಯ ಬೇಡ. ಹೊಟ್ಟೆನೋವೆಂದು ಪದೇ ಪದೇ ಹೇಳುವ ಮಗುವನ್ನು ಕಳ್ಳನೆಪದವನೆಂದು ಗದರಿಸುವ ಮೊದಲು ಅವನ ಎತ್ತರ ತೂಕಗಳನ್ನು ಹಿಂದಿನ ವರ್ಷದೊಡನೆ ಹೋಲಿಸಿ ನೋಡಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವನ್ನು ಮೊದಲು ತೋರಿಸಿರಿ.

ಪಾಲಕರೇ, ಬೆಳಗಾವಿ ಗೋಕಾಕದಷ್ಟು ಹತ್ತಿರವಲ್ಲ, ನಿಜ. ಆದರೆ ಒಂದು ವರ್ಷ ಕುಂಠಿತವಾದ ಮಗುವಿನ ಬೆಳವಣಿಗೆಯ ಮುಂದೆ ಆ ದಾರಿ ದೂರದ್ದಲ್ಲ.