ಅರಿಶಿನದೆಲೆಯ ಕಡುಬು ಮನೆಯಲ್ಲೇ ಆಗಲಿ

ನಾಗಪಂಚಮಿ ಬಂದಿತೆಂದರೆ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಒಂದು ವಿಚಿತ್ರವನ್ನು ಕಾಣುತ್ತಿದ್ದೇವೆ. ಊರಿಗೆಲ್ಲ ಇಡ್ಲಿ ಬೇಯಿಸಿ ಬಡಿಸುವ ನಮ್ಮ ಕರಾವಳಿಯ ಬಂಧುಗಳ ಎಷ್ಟೋ ಮನೆಗಳಲ್ಲಿ ಅಂದು ಕಡುಬಿನ ಪಾತ್ರೆ ಒಲೆಯೇರುವುದಿಲ್ಲ. ಮಿಠಾಯಿ ಅಂಗಡಿಯ ಡಬ್ಬಿಯೊಂದು ದೇವರ ಮುಂದೆ ಕುಳಿತಿರುತ್ತದೆ. ಕಚೇರಿಯ ಗುಮಾಸ್ತರ ಮನೆಗಳ ಸ್ಥಿತಿಯೂ ಬೇರೆಯಲ್ಲ. ಕೇಳಿದರೆ ಉತ್ತರ ಸಿದ್ಧವಾಗಿದೆ: ವೇಳೆಯಿಲ್ಲ, ಎಲೆ ಸಿಗುವುದಿಲ್ಲ, ಡಬ್ಬಿಯಲ್ಲಿರುವುದಕ್ಕೆ ಏನು ಕಡಿಮೆ?

ಅರಿಶಿನದೆಲೆಯ ಈ ಕಡುಬನ್ನು ತುಳುವರು ಗಟ್ಟಿಯೆಂದೂ ಕೊಂಕಣಿಗರು ಪತೋಳಿಯೆಂದೂ ಕರೆಯುತ್ತಾರೆ. ಗೋವೆಯ ಕ್ರೈಸ್ತರು ಆಗಸ್ಟ್ 15ರ ಮೇರಿಮಾತೆಯ ಹಬ್ಬಕ್ಕೆ ಮಾಡುವುದೂ ಇದನ್ನೇ. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ನೀರು ಹೆಚ್ಚಾಗದಂತೆ ನುಣ್ಣಗೆ ಅರೆದು ಎಲೆಯ ಮೇಲೆ ತೆಳ್ಳಗೆ ಹಚ್ಚಬೇಕು. ತೆಂಗಿನ ತುರಿ, ಬೆಲ್ಲ, ಏಲಕ್ಕಿಗಳ ಹೂರಣವನ್ನು ನಡುವಿಗಿಟ್ಟು, ಎಲೆಯನ್ನು ಉದ್ದಕ್ಕೆ ಮಡಚಿ, ಹಬೆಯಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ಎಣ್ಣೆಯ ಬಾಣಲೆ ಬೇಡ. ಪಂಚಮಿಯಂದು ಕರಿಯಬಾರದೆಂಬ ಹಿರಿಯರ ಕಟ್ಟಳೆಗೂ ಇದು ಸರಿಹೊಂದುತ್ತದೆ.

ಇದನ್ನು ಹೋಟೆಲಿನಲ್ಲೇ ಮಾಡಿ ಮಾರಬಾರದೇಕೆ ಎಂದು ಕೇಳುವವರಿದ್ದಾರೆ. ಗಲ್ಲದ ಮೇಲೆ ಕುಳಿತು ಲೆಕ್ಕ ನೋಡಿದವರಾದುದರಿಂದ ಹೇಳುತ್ತೇವೆ: ಇಡ್ಲಿಗೆ ಒಂದು ಸೌಟು ಹಿಟ್ಟು ಹೊಯ್ದರೆ ತೀರಿತು, ಕಡುಬಿಗೆ ಒಂದೊಂದು ಎಲೆಯನ್ನೂ ಒರೆಸಿ, ಹಚ್ಚಿ, ಮಡಚಬೇಕು. ಒಬ್ಬ ಕೆಲಸಗಾರ 50 ಎಲೆ ಮುಗಿಸುವಷ್ಟರಲ್ಲಿ ದೋಸೆಯ ಗಿರಾಕಿಗಳು ಎದ್ದು ಹೋಗಿರುತ್ತಾರೆ. ಆ ಕೂಲಿಯನ್ನು ಬಿಲ್ಲಿಗೆ ಏರಿಸಿದರೆ ತಿನ್ನುವವರಿಲ್ಲ.

ಆದರೆ ಹೋಟೆಲಿಗೆ ನಷ್ಟವಾದ ಈ ನಿಧಾನವೇ ಮನೆಗೆ ಲಾಭ. ತಾಯಿ ಹಿಟ್ಟು ಹಚ್ಚುವಾಗ ತಂದೆ ಕಾಯಿ ತುರಿಯಲೇಬೇಕು, ಹುಡುಗ ಎಲೆ ಒರೆಸಲೇಬೇಕು, ಹುಡುಗಿ ಬೆಲ್ಲ ಜಜ್ಜಲೇಬೇಕು. ದಿನವಿಡೀ ಪರರಿಗೆ ಅಡುಗೆ ಮಾಡಿ ಮನೆಯಲ್ಲಿ ಸೌಟು ಮುಟ್ಟದ ಭಟ್ಟರಿಗೂ ಅಂದು ವಿನಾಯಿತಿ ಇಲ್ಲ! ನಮ್ಮ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಉರ್ದು, ಶಾಲೆಯಲ್ಲಿ ಇಂಗ್ಲಿಷು. ಹೂರಣ, ತುರಿ, ಅರೆ, ಜಜ್ಜು, ಮಡಚು ಎಂಬ ಮಾತುಗಳು ಅವರ ಕಿವಿಗೆ ಇನ್ನೆಲ್ಲಿ ಬೀಳಬೇಕು? ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಭಾಷಣ ಕೇಳಿ ಚಪ್ಪಾಳೆ ತಟ್ಟುವುದು ಒಳ್ಳೆಯದೇ. ಅಲ್ಲಿಂದ ಮನೆಗೆ ಬಂದು ಮಕ್ಕಳೊಡನೆ ಒಂದು ಗಂಟೆ ಕಡುಬು ಮಡಚುವುದು ಇನ್ನೂ ಒಳ್ಳೆಯದು. 1956ರಲ್ಲಿ ರಾಜ್ಯ ಒಡೆದು ಕಲಬುರಗಿ, ರಾಯಚೂರು, ಬೀದರಗಳು ಮೈಸೂರಿಗೆ ಸೇರಿದ ಮೇಲೂ ಇಲ್ಲೇ ಉಳಿದ ಮನೆತನಗಳಿಗೆ ಪಂಚಮಿಯೆಂದರೆ ಉಂಡೆಗಳ ಹಬ್ಬ. ಅವರಿಗೂ ಇದೇ ಮಾತು.

ಫಿಲಿಪ್ಪೀನ್ಸ್ ದ್ವೀಪಗಳ ಜನರೂ ನಮ್ಮಂತೆ ಹೊಟ್ಟೆಪಾಡಿಗಾಗಿ ದೇಶಾಂತರ ಹೋಗುವವರು. ಅವರ ಸುಮಾನ್ ಎಂಬ ಸಿಹಿ ನಮ್ಮ ಕಡುಬಿನ ದಾಯಾದಿಯಂತಿದೆ. ಅಂಟಕ್ಕಿಯನ್ನು ತೆಂಗಿನ ಹಾಲಿನೊಡನೆ ಬಾಳೆಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಆ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆಯಾದುದರಿಂದ ಬೆಂದೊಡನೆ ತಾನಾಗಿ ಅಂಟಿಕೊಳ್ಳುತ್ತದೆ; ನಮ್ಮ ಅಕ್ಕಿಯನ್ನು ಅರೆದೇ ಒಲಿಸಿಕೊಳ್ಳಬೇಕು. ಅಲ್ಲಿಯೂ ಎಲೆ ಸುತ್ತುವುದು ಮನೆಮಂದಿಯೆಲ್ಲರ ಕೆಲಸವೇ.

ಇನ್ನು ಎಲೆಯ ಮಾತು. ಇಲ್ಲಿಂದ ಸುಮಾರು 175 ಕಿಲೋಮೀಟರ್ ದೂರದ ನಿಜಾಮಾಬಾದು ಅರಿಶಿನದ ದೊಡ್ಡ ಪೇಟೆ. ರಾಷ್ಟ್ರೀಯ ಅರಿಶಿನ ಮಂಡಳಿ 2025ರಲ್ಲಿ ಸ್ಥಾಪನೆಯಾದುದೂ ಅಲ್ಲಿಯೇ. ಹೀಗಿದ್ದೂ ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಲ್ಲಿ ಕೊಂಬು ಕೇಳಿದರೆ ತೂಗಿ ಕೊಡುವ ವ್ಯಾಪಾರಿ, ಎಲೆ ಕೇಳಿದರೆ ಮುಖ ನೋಡುತ್ತಾನೆ. ಅವನನ್ನು ಕಾಯುವುದು ಬೇಡ. ಮೇ ಕೊನೆಯಲ್ಲಿ ಮೊಳಕೆಯಿರುವ ಎರಡು ಹಸಿ ಅರಿಶಿನದ ಗಡ್ಡೆಗಳನ್ನು ಕುಂಡದಲ್ಲಿ ಹುಗಿದರೆ ಶ್ರಾವಣದ ಹೊತ್ತಿಗೆ ಎಲೆ ಬರುತ್ತದೆ. ಬಾಡಿಗೆ ಮನೆಯ ಮೆಟ್ಟಿಲೂ ಸಾಕು.

ಉಳಿದದ್ದು ವೇಳೆ. ಅದು ಕೆಲಸಗಾರರ ಕೈಯಲ್ಲಿಲ್ಲ; ಆದುದರಿಂದ ಹೋಟೆಲ್ ಮಾಲಿಕ ಬಂಧುಗಳನ್ನೇ ಕೇಳುತ್ತೇವೆ. ಸಂಸಾರವಂದಿಗರಿಗೆ ಪಂಚಮಿಯ ದಿನ ಮಧ್ಯಾಹ್ನದವರೆಗೆ ಸಂಬಳ ಕತ್ತರಿಸದೆ ರಜೆ ಕೊಡತಕ್ಕದ್ದು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು ಹೋಟೆಲಿನಲ್ಲೇ ಮಲಗುವವರಿಗೆ, ಹಿಂದಿನ ರಾತ್ರಿ ಬಾಗಿಲು ಹಾಕಿದ ಮೇಲೆ ಗ್ರೈಂಡರನ್ನೂ ಇಡ್ಲಿ ಪಾತ್ರೆಯನ್ನೂ ಬಿಟ್ಟುಕೊಡಲಿ. ಅಕ್ಕಿ, ಬೆಲ್ಲ, ಕಾಯಿಯ ಖರ್ಚು ಮಾಲಿಕರದೇ ಇರಲಿ. ಸಾಧ್ಯವಾದರೆ ಅವರೂ ತಮ್ಮ ಮಕ್ಕಳನ್ನು ಕರೆತಂದು ಎಲೆ ಒರೆಸಲು ಕುಳ್ಳಿರಿಸಲಿ.