ಸಿಆರ್‌ಪಿ ಪಕ್ಕದ ಸ್ಟಾರ್ ಗುರುತಿಗೆ ಹೆದರಿ ಆಂಟಿಬಯಾಟಿಕ್ ಹಾಕಿಸಿಕೊಳ್ಳಬೇಕೆ?

ಮಳೆಗಾಲ ಶುರುವಾದರೆ ನಮ್ಮ ಫೋನಿಗೆ ಸುದ್ದಿಗಿಂತ ಲ್ಯಾಬ್ ರಿಪೋರ್ಟಿನ ಫೋಟೋಗಳೇ ಹೆಚ್ಚು ಬರುತ್ತವೆ. "ಸರ್, ಸಿಆರ್‌ಪಿ 38 ಐತಿ, ಪಕ್ಕದಾಗ ಸ್ಟಾರ್ ಹಾಕ್ಯಾರ, ಡೇಂಜರ್ ಏನ್ರಿ?" ನಾವು ವರದಿಗಾರರು, ಡಾಕ್ಟರಲ್ಲ. ಆದರೂ ಕೇಳುತ್ತಾರೆ. ಆ ಚೀಟಿ ಕೊಟ್ಟವರು ಬಿಡಿಸಿ ಹೇಳಿರುವುದಿಲ್ಲವಲ್ಲ.

ಕಳೆದ ವರ್ಷ ನಮ್ಮ ಮನೆಯಲ್ಲೇ ಇದು ನಡೆಯಿತು. ಚಿಕ್ಕಪ್ಪನಿಗೆ ಜ್ವರ, ಮೈಕೈ ನೋವು, ಸಿಆರ್‌ಪಿ ಅದೇ 38. 'ಸೋಂಕು ರಕ್ತಕ್ಕೆ ಏರಿದೆ' ಅಂದರು ಒಂದು ನರ್ಸಿಂಗ್ ಹೋಮಿನಲ್ಲಿ. ಮೂರು ದಿನ ಆಂಟಿಬಯಾಟಿಕ್ ಡ್ರಿಪ್, ಹದಿನಾಲ್ಕು ಸಾವಿರ ಬಿಲ್ಲು. ಶೇಂಗಾ ಮಾರಿದ ದುಡ್ಡು ಅಲ್ಲಿಗೇ ಹೋಯಿತು. ನಾಲ್ಕನೇ ದಿನ ಗೊತ್ತಾಗಿದ್ದು, ಅದು ಡೆಂಗಿ ಅಂತ. ಡೆಂಗಿ ವೈರಸ್ಸಿನಿಂದ ಬರುವ ಜ್ವರ. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದೇ ಇಲ್ಲ.

ಸಿಆರ್‌ಪಿ ಅಂದರೆ ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಇದು ಏರುತ್ತದೆ. ಹೊಲಕ್ಕೆ ದನ ನುಗ್ಗಿದರೂ ನಾಯಿ ಬೊಗಳುತ್ತದೆ, ಹಂದಿ ನುಗ್ಗಿದರೂ ಬೊಗಳುತ್ತದೆ. ಲೀಟರಿಗೆ 10 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯ. ವೈರಸ್ ಜ್ವರದಲ್ಲಿ ಸ್ವಲ್ಪ ಏರುವುದುಂಟು. 100 ದಾಟಿದರೆ ಬ್ಯಾಕ್ಟೀರಿಯಾದ ಅನುಮಾನ ಬಲವಾಗುತ್ತದೆ. ಅನುಮಾನ ಅಷ್ಟೇ. ಕೋವಿಡ್ ವೈರಸ್ಸೇ ಆದರೂ ಉಸಿರಾಟದ ತೊಂದರೆಯಾದ ಎಷ್ಟೋ ಜನರಲ್ಲಿ ಸಿಆರ್‌ಪಿ 100 ದಾಟಿತ್ತು.

ಪ್ರೊಕ್ಯಾಲ್ಸಿಟೋನಿನ್ ಅಂತ ಇನ್ನೊಂದು ಪರೀಕ್ಷೆ ಇದೆ. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಅದು ಏರುತ್ತದೆ. ವೈರಸ್ ಬಂದಾಗ ದೇಹ ಬಿಡುವ ಇಂಟರ್‌ಫೆರಾನ್ ಅದನ್ನು ಅದುಮಿ ಹಿಡಿಯುತ್ತದೆ. ಹಾಗಾಗಿ ಎರಡರ ನಡುವೆ ಬೇರ್ಪಡಿಸಲು ಸಿಆರ್‌ಪಿಗಿಂತ ಇದು ವಾಸಿ. ಕಿಡ್ನಿ ಕೆಟ್ಟವರಲ್ಲಿ, ದೊಡ್ಡ ಆಪರೇಷನ್ ಆದವರಲ್ಲಿ ಇದೂ ದಾರಿ ತಪ್ಪಿಸುತ್ತದೆ. ದುಬಾರಿ ಬೇರೆ.

ಇದನ್ನೆಲ್ಲ ಓದಿ ಯಾರೂ 'ಹಾಗಾದರೆ ಆಂಟಿಬಯಾಟಿಕ್ಕೇ ಬೇಡ' ಅಂದುಕೊಳ್ಳಬಾರದು. ಗದ್ದೆ ಕೆಲಸದವರಿಗೆ ಬರುವ ಇಲಿ ಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಔಷಧಿ ಬೇಗ ಬೀಳಬೇಕು. ನಮ್ಮ ಓಣಿಯ ಅಜ್ಜಿಗೆ ಮೂತ್ರದ ಸೋಂಕಾಗಿತ್ತು. ಚಳಿಜ್ವರ ಬಂದ ಸಂಜೆಯೇ ರಕ್ತ ಕೊಟ್ಟರು, ಸಿಆರ್‌ಪಿ 9. ನಾರ್ಮಲ್ ಅಂತ ಮನೆಗೆ ಕಳಿಸಿದರು. ಮರುದಿನ ಮಧ್ಯಾಹ್ನ ಅಜ್ಜಿ ಏನೇನೋ ಬಡಬಡಿಸತೊಡಗಿದರು, ಬಿಪಿ ಕುಸಿದಿತ್ತು. ಜಿಲ್ಲಾ ಕೇಂದ್ರಕ್ಕೆ ಓಡಿದ್ದರಿಂದ ಉಳಿದರು. ಸಿಆರ್‌ಪಿ ಏರಲು ಆರೆಂಟು ತಾಸು ಬೇಕು, ತುದಿ ಮುಟ್ಟಲು ಸುಮಾರು ಎರಡು ದಿನ. ಮೊದಲ ದಿನದ ಚೀಟಿಯನ್ನು ನಂಬಿ ಕೂರುವುದು ಎಷ್ಟು ಅಪಾಯ ನೋಡಿ. ಉಸಿರು ವೇಗವಾದರೆ, ಮಾತು ತೊದಲಿದರೆ, ಮೂತ್ರ ಕಡಿಮೆಯಾದರೆ ರಿಪೋರ್ಟಿಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ತಮಾಷೆ. ಕೆಲವು ಲ್ಯಾಬಿನವರು ಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಕೆಲವರು ಡೆಸಿಲೀಟರ್ ಲೆಕ್ಕದಲ್ಲಿ. ಒಂದರಲ್ಲಿ 3.8 ಇದ್ದದ್ದು ಇನ್ನೊಂದರಲ್ಲಿ 38. ಎರಡೂ ಒಂದೇ! ಒಂದೇ ದಿನದಲ್ಲಿ ಹತ್ತು ಪಟ್ಟು ಏರಿತು ಅಂತ ಅಳುತ್ತಾ ಫೋನ್ ಮಾಡಿದವರಿದ್ದಾರೆ.

ಸ್ಟಾರ್ ಹಾಕುವ ಲ್ಯಾಬು ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಲಿ. ಆಂಟಿಬಯಾಟಿಕ್ ಬರೆಯುವ ಡಾಕ್ಟರು ಯಾವ ಸೋಂಕಿನ ಅನುಮಾನಕ್ಕೆ ಅಂತ ಚೀಟಿಯಲ್ಲೇ ನಮೂದಿಸಲಿ. ಜ್ವರದ ತಿಂಗಳುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಯೂ ಇರಲಿ, ಬಿಡಿಸಿ ಹೇಳುವವರೂ ಇರಲಿ. ನಮ್ಮ ತಪ್ಪೂ ಇದೆ ಬಿಡಿ, 'ಸ್ಟ್ರಾಂಗ್ ಗುಳಿಗೆ ಕೊಡ್ರಿ' ಅಂತ ಕೇಳುವವರು ನಾವೇ.

ಚಿಕ್ಕಪ್ಪನ ಬಿಲ್ಲು ಇನ್ನೂ ನಮ್ಮ ಹತ್ತಿರವೇ ಇದೆ. ಯಾವ ಬ್ಯಾಕ್ಟೀರಿಯಾಕ್ಕೆ ಔಷಧಿ ಕೊಟ್ಟಿರಿ ಅಂತ ಕೇಳಲು ಎರಡು ಸಲ ಹೋಗಿದ್ದೆವು. ಎರಡೂ ಸಲ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ ಅಂದರು.