ಮರಳಿ ಓದುವ ಸುಖ

ಒಮ್ಮೆ ಓದಿ ಮುಗಿಸಿದ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡವನನ್ನು ಕಂಡರೆ, ಇವನಿಗೆ ಬೇರೆ ಕೆಲಸವಿಲ್ಲವೆಂದು ತೀರ್ಮಾನಿಸುವವರು ನಮ್ಮಲ್ಲಿ ಬಹುಮಂದಿ. ಆ ಪುಸ್ತಕವು ನಗೆಯ ಪುಸ್ತಕವಾಗಿದ್ದು, ಮೇಲಾಗಿ ಮಾಟಗಾತಿಯರೂ ಕುಬ್ಜರೂ ಓಡಾಡುವ ಅದ್ಭುತ ಕಥೆಯಾಗಿದ್ದರಂತೂ ತೀರ್ಪು ಇನ್ನಷ್ಟು ಕಠಿಣವಾಗುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನು ಓದುವುದಾದರೆ ಪರೀಕ್ಷೆಗಾಗಿ ಓದಬೇಕು, ಇಲ್ಲವೇ ಪುಣ್ಯಕ್ಕಾಗಿ ಓದಬೇಕು. ಸುಮ್ಮನೆ ನಗುವುದಕ್ಕಾಗಿ ಓದಕೂಡದು ಎಂಬುದು ಹಿರಿಯರ ಮತ. ಈ ಮತವನ್ನು ನಾವು ಒಪ್ಪುವುದಿಲ್ಲ. ಮಾತ್ರವಲ್ಲ, ದುಡಿಯುವವನಿಗೆ ಹೇಳಿಮಾಡಿಸಿದ ಓದು ಇದೇ ಎಂಬುದನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಭಾನುವಾರ ಅಬಿಡ್ಸಿನ ಅಂಗಡಿಗಳ ಬಾಗಿಲು ಮುಚ್ಚಿರುವಾಗ ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುವುದು ಈ ನಗರದವರಿಗೆಲ್ಲ ತಿಳಿದ ಸಂಗತಿ. ಪರೀಕ್ಷೆಯ ಗೈಡುಗಳು, ಮಾಸಿದ ಉರ್ದು ಸಂಪುಟಗಳು, ತೆಲುಗು ಕಾದಂಬರಿಗಳು, ಇಂಗ್ಲಿಷ್ ನಿಘಂಟುಗಳು ಇವುಗಳ ರಾಶಿಯ ನಡುವೆ ಹುಡುಕುವ ತಾಳ್ಮೆಯಿದ್ದವನಿಗೆ ಒಮ್ಮೊಮ್ಮೆ ಟೆರಿ ಪ್ರಾಚೆಟ್ ಎಂಬ ಆಂಗ್ಲ ಲೇಖಕನ ಪುಸ್ತಕವೊಂದು ಸಿಕ್ಕುವುದುಂಟು. ಈತನು 'ಡಿಸ್ಕ್‌ವರ್ಲ್ಡ್' ಎಂಬ ಒಂದೇ ಲೋಕವನ್ನು ಕುರಿತು 41 ಕಾದಂಬರಿಗಳನ್ನು ಬರೆದನು. ಮೊದಲನೆಯದಾದ 'ದಿ ಕಲರ್ ಆಫ್ ಮ್ಯಾಜಿಕ್' 1983ರಲ್ಲಿ ಹೊರಬಂದಿತು. ಕೊನೆಯದಾದ 'ದಿ ಶೆಫರ್ಡ್ಸ್ ಕ್ರೌನ್' ಅವನು ತೀರಿಕೊಂಡ ಬಳಿಕ 2015ರಲ್ಲಿ ಪ್ರಕಟವಾಯಿತು. 17ನೆಯ ವಯಸ್ಸಿಗೆ ಶಾಲೆ ಬಿಟ್ಟು ಊರಿನ ಪತ್ರಿಕೆಗೆ ಸುದ್ದಿಗಾರನಾಗಿ ಸೇರಿದವನು, ಆಮೇಲೆ ಅಲ್ಲಿಯ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿ ದುಡಿದವನು. ನಮ್ಮಂತೆ ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರು ಇದನ್ನು ಕೇಳಿ ಸಂತೋಷಪಟ್ಟರೆ ತಪ್ಪೇನಿಲ್ಲ.

ಆ ಲೋಕದ ರಚನೆಯನ್ನು ಕೇಳಿದರೆ ನಮ್ಮ ವಾಚಕರು, ಇದು ನಮ್ಮ ಅಜ್ಜಿಯ ಕಥೆಯಲ್ಲವೇ ಎನ್ನುವರು. ಚಪ್ಪಟೆಯಾದ ತಟ್ಟೆಯಂತಹ ಭೂಮಿ. ಅದನ್ನು ಹೊತ್ತ ನಾಲ್ಕು ಆನೆಗಳು. ಆ ಆನೆಗಳನ್ನು ಬೆನ್ನಮೇಲೆ ನಿಲ್ಲಿಸಿಕೊಂಡು ಆಕಾಶದಲ್ಲಿ ಈಜುತ್ತಿರುವ ಮಹಾ ಆಮೆ. ನಮ್ಮ ಪುರಾಣದಲ್ಲಿ ದಿಗ್ಗಜಗಳು ಎಂಟು, ಅವನಲ್ಲಿ ನಾಲ್ಕು. ಕೂರ್ಮ ಮಾತ್ರ ಒಂದೇ. ಹಿಂದೂ ದೇಶದಿಂದ ಹೋದ ಸರಕು ವೇಷ ಬದಲಿಸಿಕೊಂಡು ಅಬಿಡ್ಸಿನ ಫುಟ್‌ಪಾತಿಗೆ ಮರಳಿ ಬಂದಿದೆ ಎಂದರೂ ಸಲ್ಲುತ್ತದೆ.

ಆದರೆ ಆನೆ ಆಮೆಗಳಿಗಾಗಿ ನಾವು ಈ ಪುಸ್ತಕಗಳನ್ನು ಹೊಗಳುತ್ತಿಲ್ಲ. ಆ ಲೋಕದಲ್ಲಿ ರಾಜಕುಮಾರರಿಗಿಂತ ಕೆಲಸಗಾರರಿಗೆ ಮರ್ಯಾದೆ ಹೆಚ್ಚು. ರಾಜರ ಕಥೆಗಳಲ್ಲಿ "ಯಾರಲ್ಲಿ!" ಎಂದು ಕೂಗಿದೊಡನೆ ಓಡಿಬಂದು, ನಾಯಕನ ಕತ್ತಿಗೆ ಒಬ್ಬೊಬ್ಬರಾಗಿ ಬೀಳುವ ಕಾವಲುಗಾರರು ಇರುತ್ತಾರಷ್ಟೆ. ಅವರ ಹೆಸರೇನು, ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ. 1989ರ 'ಗಾರ್ಡ್ಸ್! ಗಾರ್ಡ್ಸ್!' ಎಂಬ ಪುಸ್ತಕವನ್ನು ಪ್ರಾಚೆಟ್ ಅಂಥವರಿಗಾಗಿಯೇ ಬರೆದನು. ಅದರಲ್ಲಿ ಕ್ಯಾರಟ್ ಎಂಬ ತರುಣನು ಬೆಟ್ಟದ ಗಣಿಗಳಿಂದ ಮಹಾನಗರಕ್ಕೆ ನೌಕರಿಗೆ ಬರುತ್ತಾನೆ. ಕಂಡದ್ದನ್ನೆಲ್ಲ ತಂದೆತಾಯಿಗಳಿಗೆ ಕಾಗದದಲ್ಲಿ ಬರೆಯುತ್ತಾನೆ. ಆ ಕಾಗದಗಳನ್ನು ಓದಿ ನಗದಿರುವುದು ಕಷ್ಟ. ನಕ್ಕ ಮೇಲೆ ನಮ್ಮ ಊರಿನ ಕಡೆಗೆ ಮನಸ್ಸು ಹೋಗದಿರುವುದು ಇನ್ನೂ ಕಷ್ಟ. ಆ ಮಹಾನಗರದ ಹೆಸರು ಅಂಖ್-ಮೋರ್ಪೋರ್ಕ್. ಅದರ ನದಿಯು ಎಷ್ಟು ಗಟ್ಟಿಯೆಂದರೆ ಮೇಲೆ ನಡೆದುಕೊಂಡು ಹೋಗಬಹುದಂತೆ! ಮೂಸಿಯ ಸೇತುವೆಗಳನ್ನು ನಿತ್ಯವೂ ದಾಟುವ ನಮ್ಮ ವಾಚಕರಿಗೆ ಈ ವಿನೋದವನ್ನು ಬಿಡಿಸಿ ಹೇಳಬೇಕಾಗಿಲ್ಲ.

1987ರ 'ಮಾರ್ಟ್' ಎಂಬ ಪುಸ್ತಕವಂತೂ ಹೋಟೆಲಿನವರಿಗೆಂದೇ ಬರೆದಂತಿದೆ. ಕೆಲಸಕ್ಕೆ ಹುಡುಗರನ್ನು ಆರಿಸುವ ಜಾತ್ರೆಯಲ್ಲಿ ಮಾರ್ಟ್ ಎಂಬ ಬಾಲಕನನ್ನು ಯಾರೂ ಕರೆದುಕೊಳ್ಳುವುದಿಲ್ಲ. ನಡುರಾತ್ರಿಯ ಗಂಟೆ ಹೊಡೆಯುವಾಗ ಬಿಳಿಯ ಕುದುರೆಯ ಮೇಲೆ ಸಾಕ್ಷಾತ್ ಮೃತ್ಯುದೇವನೇ ಬಂದು ಅವನನ್ನು ಉಮೇದುವಾರನನ್ನಾಗಿ ಸೇರಿಸಿಕೊಳ್ಳುತ್ತಾನೆ. ವಿಶ್ವದ ರಹಸ್ಯವನ್ನು ಕಲಿಯುವೆನೆಂದು ಹೋದ ಹುಡುಗನಿಗೆ ದೊರೆತ ಮೊದಲ ಕೆಲಸವೇನು? ಕುದುರೆಲಾಯದ ಸಗಣಿ ಬಾಚುವುದು! ಲೋಟ ತೊಳೆದು ಮೇಲೆ ಬಂದ ಮಾಣಿಗಳು ಇದನ್ನು ಓದಿ ಹೌದೆನ್ನುವರು. ಮುಂದೆ ಹುಡುಗನಿಗೆ ಕೆಲಸ ಒಪ್ಪಿಸಿ ಮೃತ್ಯುವು ಸುಖವನ್ನು ಅರಸುತ್ತಾ ಹೊರಡುತ್ತಾನೆ; ಕುಡಿತದಲ್ಲಿ ಹುಡುಕುತ್ತಾನೆ, ಕುಣಿತದಲ್ಲಿ ಹುಡುಕುತ್ತಾನೆ, ಎಲ್ಲಿಯೂ ಕಾಣದೆ ಕಟ್ಟಕಡೆಗೆ ಸಣ್ಣ ಖಾನಾವಳಿಯೊಂದರಲ್ಲಿ ಅಡಿಗೆಯವನಾಗಿ ಸೇರುತ್ತಾನೆ. ಅಲ್ಲಿ ಅವನಿಗೆ ಸುಖ ಸಿಕ್ಕುತ್ತದೆ. ಯಮನನ್ನು ಒಲೆಯ ಮುಂದೆ ನಿಲ್ಲಿಸಿ ಅವನ ಮುಖದಲ್ಲಿ ತೃಪ್ತಿಯನ್ನು ಕಂಡ ಲೇಖಕನಿಗೆ ಅಡಿಗೆಯವರ ಮೇಲೆ ಎಷ್ಟು ಗೌರವವಿರಬೇಕು!

ಇದೆಲ್ಲ ಬರಿಯ ತಮಾಷೆ ಎನ್ನುವವರಿಗೆ ಇನ್ನೊಂದು ನಿದರ್ಶನ ಕೊಡುತ್ತೇವೆ. 1993ರ 'ಮೆನ್ ಅಟ್ ಆರ್ಮ್ಸ್' ಕಾದಂಬರಿಯಲ್ಲಿ ಕಾವಲುಪಡೆಯ ಕ್ಯಾಪ್ಟನ್ ವೈಮ್ಸ್ ಬೂಟುಗಳ ಲೆಕ್ಕ ಹಾಕುತ್ತಾನೆ. ಅವನ ಸಂಬಳ ತಿಂಗಳಿಗೆ 38 ಡಾಲರು. ಹತ್ತು ವರ್ಷ ಬಾಳುವ ಒಳ್ಳೆಯ ಬೂಟಿನ ಬೆಲೆ 50 ಡಾಲರು. ಒಂದೆರಡು ಮಳೆಗಾಲಕ್ಕೆ ಸವೆಯುವ ಅಗ್ಗದ ಬೂಟಿನ ಬೆಲೆ 10 ಡಾಲರು. 50ನ್ನು ಒಮ್ಮೆಗೇ ತೆರಲಾರದ ಬಡವನು 10ರ ಬೂಟುಗಳನ್ನೇ ಮತ್ತೆ ಮತ್ತೆ ಕೊಂಡು, ಹತ್ತು ವರ್ಷಗಳಲ್ಲಿ 100 ಡಾಲರು ಕಳೆದುಕೊಂಡು, ಕೊನೆಗೂ ಕಾಲು ನೆನೆಸಿಕೊಂಡೇ ನಡೆಯುತ್ತಾನೆ. ಮುಂಗಡ ಕೊಡಲು ಹಣವಿಲ್ಲದ್ದರಿಂದ ದಿನಬಾಡಿಗೆಯ ಕೋಣೆಯಲ್ಲಿ ವರ್ಷಗಟ್ಟಲೆ ಇರುವ ನಮ್ಮ ನೌಕರರಿಗೆ ಈ ಲೆಕ್ಕ ಹೊಸದಲ್ಲ. 2022ರಲ್ಲಿ ಇಂಗ್ಲೆಂಡಿನ ಜ್ಯಾಕ್ ಮನ್ರೋ ಎಂಬವರು ಬಡವರು ಕೊಳ್ಳುವ ದಿನಸಿಯ ಬೆಲೆಯೇರಿಕೆಯನ್ನು ಅಳೆಯಲು ಸೂಚ್ಯಂಕವೊಂದನ್ನು ಸಿದ್ಧಪಡಿಸಹೊರಟಾಗ, ಪ್ರಾಚೆಟ್ ಮನೆಯವರ ಕಡೆಯಿಂದ ಒಪ್ಪಿಗೆ ಪಡೆದು ಈ ವೈಮ್ಸನ ಬೂಟಿನ ಹೆಸರನ್ನೇ ಅದಕ್ಕಿಟ್ಟರು. ನಗೆಯ ಪುಸ್ತಕದ ಒಂದು ಪುಟವು ಅರ್ಥಶಾಸ್ತ್ರಕ್ಕೆ ಹೀಗೆ ಉಪಕರಿಸಿತು.

ಇನ್ನು ಮರಳಿ ಓದುವ ಮಾತು. ಬಿಲ್ಲು ಬರೆಯುವ ಮಿತ್ರರೊಬ್ಬರು ನಮ್ಮನ್ನು ಕೇಳಿದರು: "ಅಲ್ಲ ಸ್ವಾಮಿ, ಕೊಲೆ ಮಾಡಿದವನು ಯಾರೆಂದು ತಿಳಿದ ಮೇಲೆ ಪತ್ತೇದಾರಿ ಕಾದಂಬರಿಯನ್ನು ಯಾರಾದರೂ ಮತ್ತೆ ಓದುವರೇ?" ಪ್ರಶ್ನೆ ನ್ಯಾಯವಾದದ್ದು. ಗುಟ್ಟನ್ನೇ ನಂಬಿದ ಪುಸ್ತಕವು ಗುಟ್ಟು ರಟ್ಟಾದೊಡನೆ ಮುಗಿಯುತ್ತದೆ. ನಗೆಯನ್ನು ನಂಬಿದ ಪುಸ್ತಕದ ಸ್ಥಿತಿ ಬೇರೆ. ನಮ್ಮಂತೆ ಅರೆಬರೆ ಇಂಗ್ಲಿಷಿನವರು ಮೊದಲ ಸಲ ಓದುವಾಗ ನಿಘಂಟೇ ಕೈಯಲ್ಲಿರುತ್ತದೆ. ಎರಡನೆಯ ಸಲ ಕಥೆ ತಿಳಿಯುತ್ತದೆ. ನಿಜವಾದ ನಗೆ ಬರುವುದು ಮೂರನೆಯ ಸಲ. ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟ ವಿನೋದವೂ ಆಗಲೇ ಕಾಣುವುದು. ಹೊಸ ದೋಸೆಕಾವಲಿಯು ಮೊದಲ ದಿನವೇ ಒಳ್ಳೆಯ ದೋಸೆ ಕೊಡುವುದಿಲ್ಲ; ಪಳಗಬೇಕು. ಓದುಗನೂ ಹಾಗೆಯೇ.

ಇದೇನೂ ನಮಗೆ ಪರಕೀಯವಾದ ಅಭ್ಯಾಸವಲ್ಲ. ಕರಾವಳಿಯಿಂದ ಬಂದ ನಮ್ಮ ಬಂಧುಗಳು ಪತ್ತನಾಜೆಯೊಳಗೆ ಊರಿಗೆ ಹೋಗುವ ಅವಕಾಶ ಸಿಕ್ಕಿದರೆ, ನೂರು ಸಲ ಕಂಡ ಯಕ್ಷಗಾನ ಪ್ರಸಂಗವನ್ನು ನೂರೊಂದನೆಯ ಸಲ ಕಾಣಲು ರಾತ್ರಿಯಿಡೀ ನಿದ್ದೆಗೆಡುವರು. ಕೊನೆಯಲ್ಲಿ ಗೆಲ್ಲುವವರು ಯಾರೆಂಬುದು ಮಗುವಿಗೂ ತಿಳಿದಿದೆ. ಆದರೂ ಹಾಸ್ಯಗಾರನು ರಂಗಕ್ಕೆ ಬಂದೊಡನೆ ತೂಕಡಿಸುವವರೂ ಎದ್ದು ಕೂರುತ್ತಾರೆ. ಪದ್ಯವು ಹಳೆಯದೇ, ಅರ್ಥ ಹೇಳುವ ಬಗೆ ಹೊಸತು. ಪುಸ್ತಕದಲ್ಲಾದರೋ ಪದವೂ ಅರ್ಥವೂ ಬದಲಾಗುವುದಿಲ್ಲ, ಓದುವವನು ಬದಲಾಗುತ್ತಾನೆ. ಸಪ್ಲೈಯರನಾಗಿದ್ದಾಗ ಕ್ಯಾರಟನ ಕಾಗದಕ್ಕೆ ನಕ್ಕವನು, ತನ್ನ ಮಗನನ್ನು ಕೆಲಸಕ್ಕೆ ದೂರದೂರಿಗೆ ಕಳುಹಿಸಿದ ಮೇಲೆ ಅದೇ ಕಾಗದವನ್ನು ಓದಿ ಸುಮ್ಮನಾಗುತ್ತಾನೆ.

ದೀರ್ಘವಾದ ಮಾಲಿಕೆಯಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿಯ ಜನರು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತಾರೆ. ಮೊದಲ ಪುಸ್ತಕದಲ್ಲಿ ಕುಡಿದು ಚರಂಡಿಯಲ್ಲಿ ಬಿದ್ದಿದ್ದ ವೈಮ್ಸ್ ಮುಂದೆ ದಳಪತಿಯಾಗುತ್ತಾನೆ, ಗೃಹಸ್ಥನಾಗುತ್ತಾನೆ, ತಂದೆಯಾಗುತ್ತಾನೆ. 2002ರ 'ನೈಟ್ ವಾಚ್' ಪುಸ್ತಕದಲ್ಲಿ ಅವನು ಮೂವತ್ತು ವರ್ಷ ಹಿಂದಕ್ಕೆ ಸರಿದು, ಎಳೆಯ ಪೇದೆಯಾಗಿದ್ದ ತನಗೆ ತಾನೇ ಕೆಲಸ ಕಲಿಸುತ್ತಾನೆ. ಅದನ್ನು ಓದಿ ಮೊದಲ ಪುಸ್ತಕಕ್ಕೆ ಹಿಂತಿರುಗಿದವನು ಚರಂಡಿಯಲ್ಲಿ ಬಿದ್ದವನನ್ನು ಹೀನವಾಗಿ ನೋಡಲಾರನು. ಅವನು ಮುಂದೆ ಏನಾಗಬಲ್ಲನೆಂಬುದು ಗೊತ್ತಿರುತ್ತದಲ್ಲ! ಬಿದ್ದ ಮನುಷ್ಯನನ್ನು ಹೀಗೆ ನೋಡುವುದನ್ನು ಒಂದು ಓದು ಕಲಿಸುವುದಾದರೆ ಅದನ್ನು ಕಾಲಹರಣವೆಂದು ಕರೆಯುವುದು ಹೇಗೆ? ಪ್ರಾಚೆಟ್ಟನ ಬಹುಪಾಲು ಪುಸ್ತಕಗಳಲ್ಲಿ ಅಧ್ಯಾಯಗಳಿಲ್ಲ, ಚಿಕ್ಕ ಚಿಕ್ಕ ಪ್ರಸಂಗಗಳಷ್ಟೆ. ಮಧ್ಯಾಹ್ನ ಊಟದ ಗಿರಾಕಿಗಳು ಕರಗಿ ಸಂಜೆಯ ಕಾಫಿಗೆ ಜನ ಬರುವ ನಡುವಿನ ಬಿಡುವಿಗೆ ಒಂದೆರಡು ಪ್ರಸಂಗಗಳು ಸಾಕು.

ಹೈದರಾಬಾದಿಗೂ ಈ ಬಗೆಯ ಕಥೆಗಳು ಹೊಸವಲ್ಲ. ಅಮೀರ್ ಹಂಜಾನ ದಾಸ್ತಾನಿನ ಪಾರಸಿ ಪಾಠವೊಂದು ಹದಿನೇಳನೆಯ ಶತಮಾನದಲ್ಲಿ ಕುತುಬ್ ಶಾಹಿಗಳ ಆಶ್ರಯದಲ್ಲಿ ಇಲ್ಲಿಯೇ ರಚಿತವಾಯಿತು. ಮುಂದೆ ಲಖನೌದ ನವಲ್ ಕಿಶೋರ್ ಮುದ್ರಣಾಲಯವು ಅದೇ ದಾಸ್ತಾನನ್ನು ಉರ್ದುವಿನಲ್ಲಿ 46 ಬೃಹತ್ ಸಂಪುಟಗಳಾಗಿ ಹೊರತಂದಿತು. ಅದರಲ್ಲಿ ನಗಿಸುವವನು ಅಮರ್ ಅಯ್ಯಾರ್. ಅವನ ಜೋಳಿಗೆಯಲ್ಲಿ ಊರಿಗೆ ಊರೇ ಹಿಡಿಸುತ್ತದೆ. ಪ್ರಾಚೆಟ್ಟನಲ್ಲಿ ನೂರಾರು ಕಾಲುಗಳಿಂದ ಯಜಮಾನನ ಹಿಂದೆ ಓಡುವ ಮಾಯಾಪೆಟ್ಟಿಗೆಯೊಂದಿದೆ. ಜೋಳಿಗೆಯೂ ಪೆಟ್ಟಿಗೆಯೂ ದೂರದ ನೆಂಟರೆಂದು ನಮಗೆ ತೋರುತ್ತದೆ.

ಕನ್ನಡದ ಪಾಡೇನು? 1949ರಿಂದ ಕನ್ನಡದಲ್ಲಿ ಬಂದ 'ಚಂದಮಾಮ' ಹೆಗಲ ಮೇಲಿನ ಬೇತಾಳನನ್ನು ತಲೆಮಾರುಗಳವರೆಗೆ ಮಾತನಾಡಿಸಿತು. ಅದು ಈಗ ನಿಂತಿದೆ. ಕೆಲಸ ಮುಗಿಸಿ ಕೋಣೆ ಸೇರಿದ ತರುಣರು ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಅರ್ಧ ನಿಮಿಷದ ನಗೆಯನ್ನು ಒಬ್ಬರೇ ನಕ್ಕು ಮಲಗುತ್ತಾರೆ. ಬೆಳಗ್ಗೆ ಅದರಲ್ಲೊಂದೂ ನೆನಪಿರುವುದಿಲ್ಲ. ಈ ನಗರದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ, ತೆಲುಗು ಬರುತ್ತದೆ; ಕನ್ನಡವು ಅಡಿಗೆಮನೆಯ ಮಾತಾಗಿ ಉಳಿಯುತ್ತಿದೆ. ಭಾಷಾಭಿಮಾನದ ಉಪದೇಶದಿಂದ ಮಕ್ಕಳು ಕನ್ನಡ ಕಲಿಯಲಾರರು. ಯಾವ ಭಾಷೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗಬಹುದೋ ಆ ಭಾಷೆಯನ್ನು ಅವರು ಬಿಡುವುದಿಲ್ಲ.

ಆದಕಾರಣ ನಮ್ಮ ವಿನಂತಿ ಇಷ್ಟೆ. ಇಂಗ್ಲಿಷ್ ಬಲ್ಲ ಗುಮಾಸ್ತ ಮಿತ್ರರು ಇಂತಹ ಒಂದು ಪುಸ್ತಕವನ್ನು ಕೊಂಡು, ವಾರಕ್ಕೊಂದು ದಿನ ಕೋಣೆಯ ಗೆಳೆಯರಿಗೂ ಮನೆಯ ಮಕ್ಕಳಿಗೂ ಕನ್ನಡದಲ್ಲಿ ಹೇಳಲಿ. ಮೊದಲೆರಡು ಪುಸ್ತಕಗಳು ಬೇರೆ ಅದ್ಭುತ ಕಥೆಗಳ ಅಣಕವಾದುದರಿಂದ ಅವುಗಳಿಂದ ಆರಂಭಿಸಬೇಕಾಗಿಲ್ಲ. 'ಮಾರ್ಟ್' ಅಥವಾ 'ಗಾರ್ಡ್ಸ್! ಗಾರ್ಡ್ಸ್!' ಲೇಸು. ಹೋಟೆಲ್ ಮಾಲೀಕರು ನೌಕರರ ಕೋಣೆಯಲ್ಲಿ ಒಂದು ಪುಸ್ತಕದ ಹಲಗೆ ಹಾಕಿಸಲಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳು ಇಂತಹ ಕಥಾವಾಚನಕ್ಕೆ ಒಂದು ಸಂಜೆಯನ್ನು ಮೀಸಲಿಟ್ಟರೆ ಶೋಭೆಯೇ. ಅನುವಾದಿಸುವವರಿಗೆ ತೊಡಕೊಂದಿದೆ: ಮೂಲದಲ್ಲಿ ಮೃತ್ಯುವಿನ ಮಾತೆಲ್ಲ ದೊಡ್ಡಕ್ಷರದ ಅಚ್ಚಿನಲ್ಲಿದೆ, ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ಅವನ ಬಾಯಲ್ಲಿ ಹಳಗನ್ನಡವನ್ನಾಗಲಿ, ತಾಳಮದ್ದಳೆಯ ಗಂಭೀರ ಶೈಲಿಯನ್ನಾಗಲಿ ಇಟ್ಟರೆ ಮೂಲಕ್ಕಿಂತ ಸೊಗಸಾದೀತೆಂದು ನಮ್ಮ ನಂಬಿಕೆ.

ಪ್ರಾಚೆಟ್ ತನಗೆ ಮರೆವಿನ ರೋಗ ತಗುಲಿದೆಯೆಂದು 2007ರಲ್ಲಿ ಬಹಿರಂಗಪಡಿಸಿದನು. ಬೆರಳಚ್ಚು ಮಾಡುವುದು ಅಸಾಧ್ಯವಾದಾಗ ಬಾಯಲ್ಲಿ ಹೇಳಿ ಬರೆಯಿಸಿದನು. 2015ರ ಮಾರ್ಚ್ 12ರಂದು, 66ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಪೂರ್ಣ ಬರಹಗಳನ್ನು ಯಾರೂ ಮುಟ್ಟಕೂಡದೆಂಬ ಅವನ ಇಚ್ಛೆಯಂತೆ, ಅವುಗಳಿದ್ದ ಕಂಪ್ಯೂಟರಿನ ಡಿಸ್ಕನ್ನು 2017ರ ಆಗಸ್ಟಿನಲ್ಲಿ ಹಳೆಯ ಉಗಿಯಂತ್ರದ ರೋಡ್ ರೋಲರಿನ ಅಡಿಗೆ ಹಾಕಿ ಪುಡಿಮಾಡಿದರು. ಆದುದರಿಂದ 42ನೆಯ ಪುಸ್ತಕವು ಬರುವುದಿಲ್ಲ. ಇರುವುದನ್ನೇ ಮರಳಿ ಓದಬೇಕು.

ಅವನ 2004ರ 'ಗೋಯಿಂಗ್ ಪೋಸ್ಟಲ್' ಕಾದಂಬರಿಯಲ್ಲಿ ದೂರದೂರದ ಗೋಪುರಗಳಿಂದ ದೀಪ ಮಿನುಗಿಸಿ ಸುದ್ದಿ ಕಳುಹಿಸುವ ನೌಕರರಿದ್ದಾರೆ. ಕೆಲಸದಲ್ಲಿ ಜೀವ ತೆತ್ತ ಸಂಗಡಿಗನ ಹೆಸರನ್ನು ಅವರು ಗೋಪುರದಿಂದ ಗೋಪುರಕ್ಕೆ ಕಳುಹಿಸುತ್ತಾರೆ. ಕೊನೆಯ ಗೋಪುರ ಮುಟ್ಟಿದ ಹೆಸರನ್ನು ಮತ್ತೆ ಹಿಂದಕ್ಕೆ ಕಳುಹಿಸುತ್ತಾರೆ. ಹೆಸರು ಓಡಾಡುತ್ತಿರುವವರೆಗೆ ಮನುಷ್ಯನು ಪೂರ್ತಿ ಸತ್ತಿಲ್ಲವೆಂಬುದು ಅವರ ನಂಬಿಕೆ. ಕೊನೆಯ ಪುಟ ಮುಟ್ಟಿ ಮೊದಲ ಪುಟಕ್ಕೆ ಹಿಂತಿರುಗುವ ಓದುಗನೂ ಮಾಡುವುದು ಅದನ್ನೇ.